ಶೆಡ್ ನಮ್ಮದು, ಡ್ರಗ್ಸ್ ಮಾಡಿದ್ದು ಬಾಡಿಗೆಯವರು: ತಮ್ಮನ ಮೇಲಿನ ಕೇಸನ್ನು ಎದುರಿಸುವುದು ಹೇಗೆ?

ಪ್ರಶ್ನೆ: ತುಮಕೂರಿನ ಹತ್ತಿರ ನಮ್ಮ ತಂದೆಯ ಹೆಸರಿನಲ್ಲಿ ಒಂದು ಶೆಡ್ ಇದೆ. ಬಾಡಿಗೆ ವ್ಯವಹಾರವನ್ನೆಲ್ಲ ನನ್ನ ತಮ್ಮ ನೋಡಿಕೊಳ್ಳುತ್ತಾನೆ. ಎಂಟು ತಿಂಗಳ ಹಿಂದೆ ಇಬ್ಬರು ಬಂದು, ಫ್ಲೋರ್ ಕ್ಲೀನರ್ ತಯಾರಿಸುತ್ತೇವೆ ಅಂತ ಹೇಳಿ ಬಾಡಿಗೆಗೆ ತೆಗೆದುಕೊಂಡರು. ಮೂರು ವಾರದ ಹಿಂದೆ ರಾತ್ರಿ ಪೊಲೀಸರು ದಾಳಿ ಮಾಡಿದರು. ಅಲ್ಲಿ ಮೆಫೆಡ್ರೋನ್ ಅನ್ನುವ ಮಾದಕ ವಸ್ತು ತಯಾರಾಗುತ್ತಿತ್ತಂತೆ. ಬಾಡಿಗೆಯವರ ಜೊತೆ ತಮ್ಮನನ್ನೂ ಬಂಧಿಸಿದ್ದಾರೆ. ಎಫ್‌ಐಆರ್‌ನಲ್ಲಿ ಎನ್‌ಡಿಪಿಎಸ್ (ಮಾದಕ ವಸ್ತುಗಳ ವಿರುದ್ಧದ) ಕಾಯ್ದೆಯ 8(ಸಿ), 22(ಸಿ), 25 ಮತ್ತು 29ನೇ ಸೆಕ್ಷನ್ ಹಾಕಿದ್ದಾರೆ. ಜಾಗ ನಮ್ಮದು ಅನ್ನುವ ಕಾರಣಕ್ಕೇ ಶಿಕ್ಷೆ ಆಗುತ್ತದಾ? ಬೇಲ್ ಯಾವಾಗ ಸಿಗಬಹುದು? ಪರಿಚಯದವರೊಬ್ಬರು ದುಡ್ಡು ಕೊಟ್ಟರೆ ಹತ್ತು ದಿನದಲ್ಲಿ ಬಿಡಿಸುತ್ತೇನೆ ಅನ್ನುತ್ತಿದ್ದಾರೆ. 68 ವರ್ಷದ ತಂದೆಗೂ ಠಾಣೆಗೆ ಬರಲು ಫೋನ್ ಬಂದಿದೆ. ಏನು ಮಾಡಬೇಕು?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಜಾಗ ನಿಮ್ಮದು ಅನ್ನುವ ಒಂದೇ ಕಾರಣಕ್ಕೆ ಶಿಕ್ಷೆ ಆಗುವುದಿಲ್ಲ. ಆದರೆ "ನಮಗೇನೂ ಗೊತ್ತಿರಲಿಲ್ಲ" ಅಂತ ಬಾಯಿಮಾತಿನಲ್ಲಿ ಹೇಳಿಕೊಂಡು ಕೂತರೆ ಈ ಕಾಯ್ದೆಯಲ್ಲಿ ನಡೆಯುವುದಿಲ್ಲ. ಗೊತ್ತಿರಲಿಲ್ಲ ಅನ್ನುವುದಕ್ಕೆ ದಾಖಲೆ ಬೇಕು. ಆ ದಾಖಲೆಗಳಲ್ಲಿ ಕೆಲವು ಇನ್ನೊಂದು ತಿಂಗಳು ಬಿಟ್ಟರೆ ಸಿಗುವುದೇ ಇಲ್ಲ. ಅದಕ್ಕೇ ಈ ಉತ್ತರದಲ್ಲಿ ಬೇಲ್‌ಗಿಂತ ದಾಖಲೆಗಳ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಹತ್ತು ದಿನದಲ್ಲಿ ಬಿಡಿಸುತ್ತೇನೆ ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಈ ಸೆಕ್ಷನ್‌ಗಳಲ್ಲಿ ಹಾಗೆ ಮಾತು ಕೊಡಲು ಯಾರಿಗೂ ಸಾಧ್ಯವಿಲ್ಲ. ಆ ದುಡ್ಡು ಮುಂದೆ ವಕೀಲರಿಗೆ, ಸರ್ಟಿಫೈಡ್ ಕಾಪಿಗಳಿಗೆ, ಓಡಾಟಕ್ಕೆ ಬೇಕಾಗುತ್ತದೆ. ವಕೀಲರನ್ನು ಇಡಲು ಕಷ್ಟವಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಕಸ್ಟಡಿಯಲ್ಲಿ ಇರುವವರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರನ್ನು ಕೊಡಬೇಕು ಅಂತ ಕಾನೂನೇ ಹೇಳುತ್ತದೆ.

ಈಗ ಆ ಸೆಕ್ಷನ್‌ಗಳನ್ನು ನೋಡೋಣ. 8(ಸಿ) ಅಂದರೆ ಮೂಲ ನಿಷೇಧ: ಮಾಡಬಾರದು, ಇಟ್ಟುಕೊಳ್ಳಬಾರದು, ಮಾರಬಾರದು. 22 ಇರುವುದು ಮೆಫೆಡ್ರೋನ್ ತರಹದ ಸೈಕೋಟ್ರೋಪಿಕ್ (ಮನಸ್ಸಿನ ಮೇಲೆ ಪರಿಣಾಮ ಮಾಡುವ) ವಸ್ತುಗಳಿಗೆ. ಅದರ (ಸಿ) ಭಾಗ ವಾಣಿಜ್ಯ ಪ್ರಮಾಣಕ್ಕೆ. ಮೆಫೆಡ್ರೋನ್‌ಗೆ 2 ಗ್ರಾಂವರೆಗೆ ಸಣ್ಣ ಪ್ರಮಾಣ, 50 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ. ತಯಾರಿಕೆ ನಡೆಯುತ್ತಿದ್ದ ಜಾಗದಲ್ಲಿ 50 ಗ್ರಾಂ ದಾಟುವುದು ಕಷ್ಟವೇನಲ್ಲ. ಶಿಕ್ಷೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ. ದಂಡ 1 ಲಕ್ಷದಿಂದ 2 ಲಕ್ಷ ರೂಪಾಯಿ. 29 ಅಂದರೆ ಕುಮ್ಮಕ್ಕು ಮತ್ತು ಒಳಸಂಚು.

ನಿಮ್ಮ ತಮ್ಮನ ಕೇಸಿನ ಜೀವಾಳ 25ನೇ ಸೆಕ್ಷನ್. ಮನೆ, ಕೋಣೆ, ಜಾಗ ಅಥವಾ ವಾಹನದ ಮಾಲೀಕರು, ಅಲ್ಲಿ ಇರುವವರು, ಅದರ ಮೇಲೆ ಹಿಡಿತ ಇರುವವರು, ಗೊತ್ತಿದ್ದೂ ಅದನ್ನು ಅಪರಾಧಕ್ಕೆ ಬಳಸಲು ಬಿಟ್ಟರೆ, ಅಪರಾಧ ಮಾಡಿದವರಿಗೆ ಎಷ್ಟೋ ಅವರಿಗೂ ಅಷ್ಟೇ ಶಿಕ್ಷೆ. ಆ "ಗೊತ್ತಿದ್ದೂ" ಅನ್ನುವ ಮಾತಿನ ಮೇಲೆ ಇಡೀ ಕೇಸು ನಿಂತಿದೆ. 2011ರಲ್ಲಿ ಭೋಲಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇದೇ ಪ್ರಶ್ನೆ ಬಂದಿತ್ತು. ಲಾರಿಯಲ್ಲಿ ಮಾದಕ ವಸ್ತು ಸಿಕ್ಕಿತ್ತು, ಆತ ಲಾರಿಯ ಪಾಲುದಾರ ಮಾಲೀಕ. ತನ್ನ ಲಾರಿಯನ್ನು ಇದಕ್ಕೆ ಬಳಸುತ್ತಿದ್ದಾರೆ ಅನ್ನುವುದು ಆತನಿಗೆ ಗೊತ್ತಿತ್ತು ಅಂತ ಮೊದಲು ಪ್ರಾಸಿಕ್ಯೂಷನ್ ತೋರಿಸಬೇಕು, ಬರೀ ಮಾಲೀಕತ್ವ ಸಾಲದು ಅಂತ ಹೇಳಿ ಕೋರ್ಟ್ ಆತನನ್ನು ಬಿಟ್ಟಿತು. ನಿಮ್ಮ ವಕೀಲರು ಮೊದಲು ಕೈಗೆತ್ತಿಕೊಳ್ಳಬೇಕಾದ ತೀರ್ಪು ಇದು.

ಹಾಗಾದರೆ ಸುಮ್ನೆ ಇದ್ದರೆ ಆಗುತ್ತದಲ್ವಾ ಅಂತ ನಿಮಗೆ ಅನ್ನಿಸಬಹುದು. ಆಗುವುದಿಲ್ಲ. ಕಾರಣ 35 ಮತ್ತು 54ನೇ ಸೆಕ್ಷನ್‌ಗಳು. ಬೇರೆ ಕ್ರಿಮಿನಲ್ ಕೇಸುಗಳಲ್ಲಿ ಎಲ್ಲವನ್ನೂ ಸರ್ಕಾರವೇ ಸಾಬೀತು ಮಾಡಬೇಕು. ಇಲ್ಲಿ ಹಾಗಲ್ಲ. ಆರೋಪಿಗೆ ವಿಷಯ ಗೊತ್ತಿತ್ತು ಅಂತ ಊಹಿಸಿಕೊಳ್ಳಲು 35ನೇ ಸೆಕ್ಷನ್ ಕೋರ್ಟಿಗೆ ಹೇಳುತ್ತದೆ. ಗೊತ್ತಿರಲಿಲ್ಲ ಅಂತ ತೋರಿಸುವ ಹೊಣೆ ಆರೋಪಿಯದು. 54 ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಿದ್ಧ ಡ್ರಗ್ಸ್ ಒಂದೇ ಅಲ್ಲ, ಅದನ್ನು ತಯಾರಿಸಲೆಂದೇ ಮಾಡಿಸಿದ ಉಪಕರಣ, ಅದಕ್ಕಾಗಿ ಹೊಂದಿಸಿಕೊಂಡ ಪಾತ್ರೆಗಳು, ಅರ್ಧ ತಯಾರಾದ ಸಾಮಗ್ರಿ, ಕೊನೆಗೆ ತಳದಲ್ಲಿ ಉಳಿದ ಗಸಿ ಸಿಕ್ಕರೂ, ಅದು ಯಾರ ವಶದಲ್ಲಿತ್ತೋ ಅವರು ಸರಿಯಾದ ಕಾರಣ ಕೊಡಬೇಕು. ಕೊಡದಿದ್ದರೆ ಅಪರಾಧ ಮಾಡಿದ್ದಾರೆ ಅಂತ ಕೋರ್ಟ್ ಭಾವಿಸಬಹುದು. 2008ರ ನೂರ್ ಆಗಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಎರಡೂ ಸೆಕ್ಷನ್‌ಗಳು ಸಿಂಧು ಅಂತ ಹೇಳಿತು. ಆದರೆ ಬುನಾದಿಯ ಸಂಗತಿಗಳನ್ನು ಪ್ರಾಸಿಕ್ಯೂಷನ್ ಮೊದಲು ಸಾಬೀತು ಮಾಡಿದ ಮೇಲೇ ಹೊರೆ ಆರೋಪಿಯ ಹೆಗಲಿಗೆ ಬರುತ್ತದೆ ಅಂತಲೂ ಹೇಳಿತು.

ಇಲ್ಲಿ "ವಶ" ಅನ್ನುವುದು ತುಂಬಾ ಮುಖ್ಯ. ಬಾಡಿಗೆಗೆ ಕೊಟ್ಟ ಶೆಡ್ ಯಾರ ವಶದಲ್ಲಿತ್ತು? ದಾಳಿಯ ಮಹಜರನ್ನು (ಸ್ಥಳದಲ್ಲಿ ಸಾಕ್ಷಿಗಳ ಎದುರು ಬರೆದ ಶೋಧದ ವರದಿ) ತೆಗೆದುಕೊಂಡು ಒಂದು ಸಾಲನ್ನು ಹುಡುಕಿ: ಬೀಗ ತೆಗೆದವರು ಯಾರು? ಬಾಡಿಗೆಯವರು ಒಳಗಿದ್ದು ಅವರೇ ಬಾಗಿಲು ತೆಗೆದರು ಅಂತಿದ್ದರೆ ಒಂದು ಕಥೆ. ನಿಮ್ಮ ತಮ್ಮನ ಹತ್ತಿರ ಇದ್ದ ಎರಡನೇ ಕೀಲಿಯಿಂದ ತೆಗೆಸಿದರು ಅಂತಿದ್ದರೆ ಅದು ಬೇರೆಯದೇ ಕಥೆ. ಮಾಲೀಕರ ಹತ್ತಿರ ಒಂದು ಕೀಲಿ ಇರುವುದು ನಮ್ಮಲ್ಲಿ ಮಾಮೂಲು. ಅದರಿಂದಲೇ ವಶ ಸಾಬೀತಾಗುವುದಿಲ್ಲ. ಆದರೆ ಆ ಕೀಲಿ ಯಾಕಿತ್ತು, ಅದನ್ನು ಎಂದಾದರೂ ಬಳಸಿದ್ದರಾ ಅನ್ನುವುದಕ್ಕೆ ಉತ್ತರ ಸಿದ್ಧವಿರಬೇಕು.

ಈಗ ದಾಖಲೆಗಳು. ಬಾಡಿಗೆ ಒಪ್ಪಂದದ ಮೂಲ ಪ್ರತಿ, ಸಾಮಾನ್ಯವಾಗಿ 11 ತಿಂಗಳಿಗೆ ಇ-ಸ್ಟಾಂಪ್ ಮೇಲೆ ಮಾಡಿಸಿರುತ್ತೀರಲ್ಲ, ಅದು ಮೊದಲು ಬೇಕು. ಯಾವ ಕೆಲಸಕ್ಕೆ ಬಾಡಿಗೆ ಅಂತ ಅದರಲ್ಲಿ ಬರೆದಿದೆಯಾ ನೋಡಿ. ಬಾಡಿಗೆಯವರು ಕೊಟ್ಟ ಆಧಾರ್, ಜಿಎಸ್‌ಟಿ, ಉದ್ಯಮ್ ನೋಂದಣಿಯ ಜೆರಾಕ್ಸ್‌ಗಳನ್ನು ಹುಡುಕಿ. ಅವು ನಕಲಿ ಆಗಿದ್ದರೂ ಎಸೆಯಬೇಡಿ. ನಿಮ್ಮ ತಮ್ಮನಿಗೂ ಮೋಸ ಆಗಿದೆ ಅಂತ ತೋರಿಸಲು ನಕಲಿ ಕಾಗದವೇ ಉಪಯೋಗಕ್ಕೆ ಬರುತ್ತದೆ. ಬಾಡಿಗೆ ಬ್ಯಾಂಕ್ ಖಾತೆಗೆ ಬಂತಾ, ನಗದಾಗಿ ಬಂತಾ? ಅಕ್ಕಪಕ್ಕದ ಶೆಡ್‌ಗಳ ಬಾಡಿಗೆಗೂ ಇದಕ್ಕೂ ಎಷ್ಟು ವ್ಯತ್ಯಾಸ? ಇದು ದೊಡ್ಡ ಪ್ರಶ್ನೆ. ಊರಲ್ಲಿ ಎಲ್ಲರೂ ಪಡೆಯುವಷ್ಟೇ ಬಾಡಿಗೆ, ತಿಂಗಳಾ ತಿಂಗಳಾ ಖಾತೆಗೆ ಬಂದಿದ್ದರೆ, ಗೊತ್ತಿದ್ದು ಕೊಟ್ಟರು ಅನ್ನುವ ವಾದದ ಬಲ ಕುಗ್ಗುತ್ತದೆ. ಮೂರು ಪಟ್ಟು ಬಾಡಿಗೆ ನಗದಾಗಿ ಬಂದಿದ್ದರೆ ಅದನ್ನು ನಿಮ್ಮ ವಕೀಲರಿಂದ ಮುಚ್ಚಿಡಬೇಡಿ. ಅವರಿಗೆ ಅದು ಮೊದಲೇ ಗೊತ್ತಿರಬೇಕು, ಕೋರ್ಟಿನಲ್ಲಿ ಎದುರು ಪಕ್ಷದ ಬಾಯಿಂದ ಗೊತ್ತಾಗಬಾರದು.

ಬೆಸ್ಕಾಂ ಬಿಲ್‌ಗಳನ್ನೂ ಎಂಟು ತಿಂಗಳದ್ದು ತೆಗೆದಿಡಿ. ಬಿಲ್ ನಿಮ್ಮ ತಂದೆಯ ಹೆಸರಿಗೆ ಬರುತ್ತಿದ್ದು, ಯೂನಿಟ್ ಇದ್ದಕ್ಕಿದ್ದಂತೆ ಏರಿದ್ದರೆ ಪೊಲೀಸರು ಅದನ್ನೇ ಹಿಡಿದು ಕೇಳುತ್ತಾರೆ. ಬಿಲ್ ಕಟ್ಟುತ್ತಿದ್ದವರು ಬಾಡಿಗೆಯವರೇ ಆಗಿದ್ದರೆ ಅದರ ಪಾವತಿ ದಾಖಲೆ ನಿಮ್ಮ ಪರವಾಗಿ ನಿಲ್ಲುತ್ತದೆ. ತಮ್ಮ ಮತ್ತು ಬಾಡಿಗೆಯವರ ನಡುವಿನ ವಾಟ್ಸ್ಆ್ಯಪ್ ಮಾತುಕತೆ ಅಳಿಸಬೇಡಿ, ಮನೆಯಲ್ಲಿರುವ ಬೇರೆ ಫೋನಿನಿಂದಲೂ ಅಳಿಸಬೇಡಿ. ಅಳಿಸಿದ್ದು ಸಿಕ್ಕಿಬಿದ್ದರೆ ಅದೇ ಒಂದು ಸಾಕ್ಷ್ಯವಾಗುತ್ತದೆ. ಎಲ್ಲಕ್ಕಿಂತ ಅವಸರದ್ದು ಸಿಸಿಟಿವಿ. ಪಕ್ಕದ ಶೆಡ್, ಪೆಟ್ರೋಲ್ ಬಂಕ್, ಅಂಗಡಿಗಳ ಕ್ಯಾಮೆರಾದಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ. ದಾಳಿ ಯಾವಾಗ ಶುರುವಾಯಿತು, ಯಾರು ಯಾರು ಬಂದರು, ನಿಮ್ಮ ತಮ್ಮನನ್ನು ಎಲ್ಲಿಂದ ಕರೆತಂದರು ಅನ್ನುವುದು ಅದರಲ್ಲಿ ಇರಬಹುದು. ಇವತ್ತೇ ಹೋಗಿ ಕೇಳಿ. ಕೊಡಲು ಒಪ್ಪದಿದ್ದರೆ, ದೃಶ್ಯ ಕಾಪಾಡಲು ಆದೇಶ ಕೊಡಿ ಅಂತ ವಕೀಲರು ಕೋರ್ಟಿಗೆ ಅರ್ಜಿ ಹಾಕಬಹುದು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಒಪ್ಪಂದ ಮಾಡಿಸಿಲ್ಲದಿದ್ದರೆ ಈಗ ಹಳೇ ದಿನಾಂಕ ಹಾಕಿ ಮಾಡಿಸಲು ಹೋಗಬೇಡಿ. ಇ-ಸ್ಟಾಂಪ್‌ನಲ್ಲಿ ಪಡೆದ ದಿನ, ಸಮಯ ಎರಡೂ ಇರುತ್ತದೆ. ಒಂದು ಸುಳ್ಳು ಕಾಗದ ನಿಮ್ಮ ಹತ್ತು ನಿಜ ಕಾಗದಗಳನ್ನು ಹಾಳು ಮಾಡುತ್ತದೆ. ಜೊತೆಗೆ ಹೊಸ ಕೇಸೂ ಬೀಳುತ್ತದೆ.

ಇನ್ನು ಪೊಲೀಸರ ಕಾಗದಗಳು. ರಾತ್ರಿ ದಾಳಿ ಅಂದಿರಿ. ಕಟ್ಟಡದೊಳಗೆ ವಾರಂಟ್ ಇಲ್ಲದೆ ಹೋಗುವಾಗ 42ನೇ ಸೆಕ್ಷನ್ ಪಾಲಿಸಬೇಕು. ಬಂದ ಮಾಹಿತಿಯನ್ನು ಬರೆದಿಡಬೇಕು, ಅದರ ಪ್ರತಿಯನ್ನು 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು. ಸೂರ್ಯ ಮುಳುಗಿದ ಮೇಲೆ ಹೋದರೆ, ವಾರಂಟ್ ತರಲು ಯಾಕೆ ಸಮಯ ಇರಲಿಲ್ಲ ಅಂತ ಕಾರಣ ಬರೆಯಬೇಕು. 2009ರ ಕರ್ನೈಲ್ ಸಿಂಗ್ ತೀರ್ಪಿನ ಪ್ರಕಾರ ಸ್ವಲ್ಪ ತಡವಾದರೆ ವಿವರಣೆ ಕೊಟ್ಟು ಸರಿಪಡಿಸಬಹುದು, ಆದರೆ ಏನೂ ಮಾಡಿಯೇ ಇಲ್ಲ ಅಂದರೆ ಒಪ್ಪುವಂತಿಲ್ಲ. ಡಿವೈಎಸ್‌ಪಿ ತರಹದ ಗೆಜೆಟೆಡ್ ಅಧಿಕಾರಿಯೇ ಮುಂದೆ ನಿಂತು ಶೋಧ ಮಾಡಿದ್ದರೆ ಈ ವಾದ ಅಷ್ಟಾಗಿ ನಿಲ್ಲುವುದಿಲ್ಲ. ಆದ್ದರಿಂದ ಮಹಜರಿನಲ್ಲಿ ಯಾರ ಹೆಸರಿದೆ ಅನ್ನುವುದನ್ನೂ ನೋಡಿ. 50ನೇ ಸೆಕ್ಷನ್ ಬಗ್ಗೆ ಜನ ತುಂಬಾ ಮಾತಾಡುತ್ತಾರೆ. ಅದು ಮೈ ತಪಾಸಣೆಗೆ ಮಾತ್ರ. ಶೆಡ್‌ನಲ್ಲಿ, ಡ್ರಮ್‌ನಲ್ಲಿ ಸಿಕ್ಕಿದ್ದಕ್ಕೆ ಅದು ಅನ್ವಯ ಆಗುವುದಿಲ್ಲ. ಅದರ ಮೇಲೆ ಆಸೆ ಇಡಬೇಡಿ.

2024ರ ಜುಲೈ 1ರಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾನೂನು) 105ನೇ ಸೆಕ್ಷನ್ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೋ ಮಾಡಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಆ ವಿಡಿಯೋವನ್ನು ಮಹಜರಿನ ಪಕ್ಕದಲ್ಲಿಟ್ಟು ನೋಡುವುದೇ ಒಳ್ಳೇ ಡಿಫೆನ್ಸ್ ವಕೀಲರ ಮೊದಲ ಕೆಲಸ. ಮಹಜರಿನಲ್ಲಿ ರಾತ್ರಿ 9ರಿಂದ 12 ಅಂತ ಇರುತ್ತದೆ. ಠಾಣೆಯ ಡೈರಿಯಲ್ಲಿ ಹೊರಟ ಸಮಯ ಏನಿದೆ? ವಿಡಿಯೋದಲ್ಲಿ ಎಷ್ಟು ಡ್ರಮ್ ಕಾಣುತ್ತದೆ, ಮಹಜರಿನಲ್ಲಿ ಎಷ್ಟು ಬರೆದಿದ್ದಾರೆ? ತೂಕ ಹಾಕುವಾಗ ಕವರ್ ಸಮೇತ ಹಾಕಿದರಾ, ಬಿಟ್ಟು ಹಾಕಿದರಾ? ಅರಗಿನ ಮೊಹರಿನ ಮೇಲೆ ಯಾವ ಅಕ್ಷರ ಇತ್ತು, ಲ್ಯಾಬಿಗೆ ತಲುಪಿದಾಗ ಅದೇ ಇತ್ತಾ? ಪಿ.ಎಫ್. (ಜಪ್ತಿ ಮಾಡಿದ ವಸ್ತುಗಳ ಪಟ್ಟಿ) ನಂಬರ್ ಯಾವ ದಿನಾಂಕದ್ದು? ಜಪ್ತಿ ಮಾಡಿದ್ದನ್ನು ಇಡುವ ಮುದ್ದೆಮಾಲು ಕೋಣೆಯಿಂದ ಸ್ಯಾಂಪಲ್ ಹೊರಟಿದ್ದು ಯಾವಾಗ? ಕೇಳಲು ಸಣ್ಣ ಪ್ರಶ್ನೆಗಳು. ಎನ್‌ಡಿಪಿಎಸ್ ಕೇಸುಗಳು ಬೀಳುವುದು ಹೆಚ್ಚಾಗಿ ಇಂಥ ಕಡೆಯೇ.

ಸ್ಯಾಂಪಲ್ ವಿಷಯ ತಯಾರಿಕೆಯ ಕೇಸಿನಲ್ಲಿ ಇನ್ನೂ ಸೂಕ್ಷ್ಮ. 52ಎ ಸೆಕ್ಷನ್ ಮತ್ತು 2022ರ ಡಿಸೆಂಬರ್‌ನ ನಿಯಮಗಳ ಪ್ರಕಾರ ಸ್ಯಾಂಪಲ್ ತೆಗೆಯಬೇಕಾದ್ದು ಮ್ಯಾಜಿಸ್ಟ್ರೇಟರ ಎದುರು. ಪ್ರತಿ ಪೊಟ್ಟಣ, ಪ್ರತಿ ಡ್ರಮ್‌ನಿಂದ ಬೇರೆ ಬೇರೆ ತೆಗೆಯಬೇಕು. ಎಲ್ಲವೂ ಒಂದೇ ಗಾತ್ರ, ತೂಕ, ಗುರುತು ಇದ್ದು, ಸ್ಥಳದ ಪರೀಕ್ಷೆಯಲ್ಲೂ ಒಂದೇ ಫಲಿತಾಂಶ ಕೊಟ್ಟರೆ ಮಾತ್ರ ಗುಂಪು ಮಾಡಬಹುದು. ತಯಾರಿಕೆಯ ಶೆಡ್‌ನಲ್ಲಿ ಹಾಗಿರುವುದಿಲ್ಲ. ಒಂದರಲ್ಲಿ ಬಣ್ಣಕ್ಕೆ ಬಳಸುವ ಥಿನ್ನರ್, ಇನ್ನೊಂದರಲ್ಲಿ ಆಸಿಡ್, ಮತ್ತೊಂದರಲ್ಲಿ ಅರ್ಧ ತಯಾರಾದ ದ್ರವ, ಟ್ರೇಯಲ್ಲಿ ಪುಡಿ. ಎಲ್ಲವನ್ನೂ ಸೇರಿಸಿ "ಇಷ್ಟು ಕೆಜಿ ಮಾದಕ ವಸ್ತು" ಅಂತ ಬರೆದಿದ್ದರೆ ಅದನ್ನು ಪ್ರಶ್ನಿಸಲೇಬೇಕು. 52ಎ ಪಾಲಿಸದೇ ಇದ್ದರೆ ಕೇಸು ತಾನಾಗಿಯೇ ಬಿದ್ದುಹೋಗುತ್ತದೆ ಅಂತ ಮಾತ್ರ ನಂಬಬೇಡಿ. ಅಷ್ಟರಿಂದಲೇ ಬಿಡುಗಡೆ ಇಲ್ಲ, ಉಳಿದ ಸಾಕ್ಷ್ಯವನ್ನೂ ನೋಡಬೇಕು ಅಂತ 2025ರ ಜನವರಿಯಲ್ಲಿ ಭಾರತ್ ಅಂಬಾಳೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಲ್ಯಾಬ್ ವರದಿ ಬಂದ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್‌ನಿಂದ (ವಿಧಿವಿಜ್ಞಾನ ಪ್ರಯೋಗಾಲಯ) ಬರಲಿ, ಬೇರೆ ಕಡೆಯಿಂದ ಬರಲಿ, ಮರುಪರೀಕ್ಷೆ ಕೇಳುವುದಾದರೆ ವರದಿ ಸಿಕ್ಕ 15 ದಿನದೊಳಗೆ ಅರ್ಜಿ ಹಾಕಬೇಕು. ಇದು 2013ರ ಥಾನಾ ಸಿಂಗ್ ತೀರ್ಪು. ಅರ್ಜಿ ಹಾಕಿದ ಮಾತ್ರಕ್ಕೆ ಒಪ್ಪುತ್ತಾರೆ ಅಂತಲ್ಲ, ತೀರಾ ವಿಶೇಷ ಕಾರಣ ಬೇಕು. ಆದರೆ 15 ದಿನ ದಾಟಿದರೆ ಆ ಬಾಗಿಲು ಮುಚ್ಚಿದ ಹಾಗೇ. ವರದಿಯಲ್ಲಿ ಯಾವ ಸ್ಯಾಂಪಲ್‌ನಲ್ಲಿ ಮೆಫೆಡ್ರೋನ್ ಸಿಕ್ಕಿತು, ಯಾವುದರಲ್ಲಿ ಸಿಗಲಿಲ್ಲ ಅಂತ ಒಂದೊಂದಾಗಿ ನೋಡಿ. ಕಚ್ಚಾ ರಾಸಾಯನಿಕ ಮಾತ್ರ ಸಿಕ್ಕಿ, ಅದು ಸರ್ಕಾರ ನಿಯಂತ್ರಿತ ವಸ್ತು ಅಂತ ಘೋಷಿಸಿದ ಪಟ್ಟಿಯಲ್ಲಿದ್ದರೆ ಬರುವುದು 25ಎ ಸೆಕ್ಷನ್. ಅದರ ಶಿಕ್ಷೆ ಗರಿಷ್ಠ 10 ವರ್ಷ, ಕನಿಷ್ಠ ಅಂತ ಇಲ್ಲ, ಬೇಲ್‌ಗೆ 37ನೇ ಸೆಕ್ಷನ್‌ನ ಅಡ್ಡಿಯೂ ಇಲ್ಲ (ಅದೇನು ಅಂತ ಮುಂದೆ ಹೇಳುತ್ತೇನೆ). ಪಟ್ಟಿಯಲ್ಲೇ ಇಲ್ಲದ ಮಾಮೂಲು ಕೆಮಿಕಲ್ ಇಟ್ಟುಕೊಳ್ಳುವುದು ಈ ಕಾಯ್ದೆಯಲ್ಲಿ ಅಪರಾಧವೇ ಅಲ್ಲ.

ಅರ್ಧ ತಯಾರಾದ ದ್ರವದ ತೂಕ ಹೇಗೆ ಲೆಕ್ಕ ಹಾಕಬೇಕು? 2020ರ ಹೀರಾ ಸಿಂಗ್ ತೀರ್ಪಿನ ಪ್ರಕಾರ ಮಾದಕ ವಸ್ತುವಿನ ಜೊತೆ ಬೆರೆಸಿದ ತಟಸ್ಥ ವಸ್ತುವಿನ ತೂಕವೂ ಸೇರುತ್ತದೆ. ಶುದ್ಧ ಅಂಶ ಎಷ್ಟು ಅಂತ ಮಾತ್ರ ನೋಡುವುದಿಲ್ಲ. ಆದರೆ ಮಾರಲು ಬೆರೆಸಿದ ಮಿಶ್ರಣಕ್ಕೂ, ಇನ್ನೂ ಪ್ರಕ್ರಿಯೆ ಮುಗಿಯದೆ ಡ್ರಮ್‌ನಲ್ಲಿರುವ ದ್ರವಕ್ಕೂ ವ್ಯತ್ಯಾಸ ಇದೆ ಅಂತ ವಾದ ಮಾಡಬಹುದು. ನನ್ನ ದೃಷ್ಟಿಯಲ್ಲಿ ಅದು ನ್ಯಾಯವಾದ ವಾದ. ಗೆದ್ದೇ ಗೆಲ್ಲುತ್ತದೆ ಅಂತ ಮಾತ್ರ ಹೇಳಲಾರೆ.

ತಮ್ಮ ಪೊಲೀಸರ ಹತ್ತಿರ ಏನು ಹೇಳಿದ ಅನ್ನುವ ಚಿಂತೆ ನಿಮಗಿರಬಹುದು. ಚಾರ್ಜ್‌ಶೀಟ್‌ನಲ್ಲಿ "ಸ್ವಇಚ್ಛಾ ಹೇಳಿಕೆ" ಅಂತ ಒಂದು ಇರುತ್ತದೆ. ಅದರಲ್ಲಿ ಆತ ಎಲ್ಲವನ್ನೂ ಒಪ್ಪಿಕೊಂಡ ಹಾಗೆ ಬರೆದಿದ್ದರೂ ಗಾಬರಿ ಆಗಬೇಡಿ. ಪೊಲೀಸರ ಎದುರಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಎನ್‌ಸಿಬಿ (ಕೇಂದ್ರದ ಮಾದಕ ವಸ್ತು ನಿಯಂತ್ರಣ ಸಂಸ್ಥೆ) ಅಧಿಕಾರಿಗಳಿಗೂ ಇದೇ ನಿಯಮ ಅಂತ 2020ರ ತೂಫಾನ್ ಸಿಂಗ್ ತೀರ್ಪು ಹೇಳಿದೆ. ಆ ಹೇಳಿಕೆಯಿಂದಾಗಿ ಹೊಸದಾಗಿ ಏನಾದರೂ ಪತ್ತೆಯಾದರೆ ಆ ಭಾಗ ಮಾತ್ರ ಬಳಕೆಯಾಗಬಹುದು. ಪೊಲೀಸರಿಗೆ ಮೊದಲೇ ಗೊತ್ತಿದ್ದ ಶೆಡ್ಡನ್ನು ಆತ "ತೋರಿಸಿದ" ಅಂತ ಬರೆದರೆ ಅದು ಪತ್ತೆ ಅಲ್ಲ. ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡಿದ್ದರೆ, ಹೊಡೆದಿದ್ದರೆ, ಮುಂದಿನ ಬಾರಿ ಜಡ್ಜ್ ಮುಂದೆ ಹಾಜರಾದಾಗ ಆತ ಅದನ್ನು ಬಾಯಿಬಿಟ್ಟು ಹೇಳಬೇಕು. ವಕೀಲರು ಲಿಖಿತವಾಗಿ ಕೊಡಬೇಕು.

ಬಂಧನದ ಕಾರಣಗಳನ್ನು ಬರಹದಲ್ಲಿ ಕೊಟ್ಟಿದ್ದಾರಾ ಅಂತಲೂ ಕೇಳಿ. ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕನ್ನಡ ಮಾತ್ರ ಬರುವವರಿಗೆ ಇಂಗ್ಲಿಷ್ ಹಾಳೆ ಕೊಟ್ಟು ಸಹಿ ತೆಗೆದುಕೊಂಡರೆ ಸಾಲದು. ಹೊರರಾಜ್ಯದ ಪೊಲೀಸರು ಬಂದು ದಾಳಿ ಮಾಡುವ ಕೇಸುಗಳಲ್ಲಿ ಇದು ಜಾಸ್ತಿ ಮುಖ್ಯ. 2025ರ ಜುಲೈನಲ್ಲಿ ಮೈಸೂರಿನ ಮೆಫೆಡ್ರೋನ್ ಘಟಕಕ್ಕೆ ದಾಳಿ ಮಾಡಿದ್ದು ಮುಂಬೈ ಪೊಲೀಸರು ಅನ್ನುವುದು ನಿಮಗೂ ನೆನಪಿರಬಹುದು.

ಬೇಲ್ ವಿಷಯಕ್ಕೆ ಬರುತ್ತೇನೆ. ವಾಣಿಜ್ಯ ಪ್ರಮಾಣ ಆದ್ದರಿಂದ 37ನೇ ಸೆಕ್ಷನ್ ಅಡ್ಡ ನಿಂತಿದೆ. ಆರೋಪಿ ತಪ್ಪಿತಸ್ಥ ಅಲ್ಲ ಅಂತ ನಂಬಲು ಕಾರಣ ಇದೆ, ಹೊರಗೆ ಬಂದರೆ ಮತ್ತೆ ಅಪರಾಧ ಮಾಡುವುದಿಲ್ಲ, ಈ ಎರಡೂ ಕೋರ್ಟಿಗೆ ಮನವರಿಕೆ ಆಗಬೇಕು. ಮೇಲೆ ಹೇಳಿದ ಬಾಡಿಗೆ ಕಾಗದ, ಬ್ಯಾಂಕ್ ದಾಖಲೆಗಳು ಮೊದಲು ಕೆಲಸಕ್ಕೆ ಬರುವುದು ಇಲ್ಲೇ. ತಯಾರಿಸಿದವರ ಸಾಲಿನಲ್ಲಿ ನಿಮ್ಮ ತಮ್ಮ ಇಲ್ಲ, ಬಾಡಿಗೆ ಬಿಟ್ಟು ಬೇರೆ ದುಡ್ಡು ಅವನಿಗೆ ಬಂದಿಲ್ಲ ಅಂತ ಕಾಗದದಲ್ಲಿ ತೋರಿಸಿದರೆ ಅರ್ಜಿಗೆ ಬಲ ಬರುತ್ತದೆ. ಮೊದಲು ವಿಶೇಷ ನ್ಯಾಯಾಲಯ, ಅಲ್ಲಿ ಆಗದಿದ್ದರೆ ಹೈಕೋರ್ಟ್. ಅವಸರ ಮಾಡಿ ದಾಖಲೆ ಇಲ್ಲದೆ ಅರ್ಜಿ ಹಾಕಿ ವಜಾ ಮಾಡಿಸಿಕೊಳ್ಳುವುದಕ್ಕಿಂತ, ಎರಡು ವಾರ ತಡೆದು ಗಟ್ಟಿ ಅರ್ಜಿ ಹಾಕುವುದು ಮೇಲು. ವಿಚಾರಣೆ ವರ್ಷಗಟ್ಟಲೆ ಎಳೆದರೆ ಅದೇ ಬೇಲ್‌ಗೆ ಕಾರಣ ಆಗಬಹುದು ಅಂತ 2023ರ ಮೊಹಮ್ಮದ್ ಮುಸ್ಲಿಂ ತೀರ್ಪಿದೆ. ಆದರೆ ಆ ಆರೋಪಿ ಅಷ್ಟರಲ್ಲಿ ಏಳು ವರ್ಷಕ್ಕೂ ಜಾಸ್ತಿ ಒಳಗಿದ್ದ.

ಇನ್ನೊಂದು ದಾರಿ ಡಿಫಾಲ್ಟ್ ಬೇಲ್, ಅಂದರೆ ಗಡುವಿನೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಸಿಗುವ ಬೇಲ್. ಇಂಥ ಕೇಸಿನಲ್ಲಿ 180 ದಿನದೊಳಗೆ ಚಾರ್ಜ್‌ಶೀಟ್ ಹಾಕಬೇಕು. ಮೊದಲ ರಿಮ್ಯಾಂಡ್ ಆದ (ಕೋರ್ಟ್ ಮೊದಲ ಸಲ ಕಸ್ಟಡಿಗೆ ಕಳಿಸಿದ) ದಿನವನ್ನೂ ಸೇರಿಸಿ ಎಣಿಸಿ. ಪಬ್ಲಿಕ್ ಪ್ರಾಸಿಕ್ಯೂಟರ್ ವರದಿ ಕೊಟ್ಟು, ತನಿಖೆ ಎಲ್ಲಿಗೆ ಬಂದಿದೆ, ಇನ್ನೂ ಯಾಕೆ ಒಳಗಿಡಬೇಕು ಅಂತ ಕಾರಣ ಹೇಳಿದರೆ ಕೋರ್ಟ್ ಅದನ್ನು ಒಂದು ವರ್ಷದವರೆಗೆ ವಿಸ್ತರಿಸಬಹುದು. ಆ ಅರ್ಜಿ ಬಂದರೆ ನಿಮ್ಮ ವಕೀಲರು ತಕರಾರು ಹಾಕಲೇಬೇಕು. ಗಡುವು ಮುಗಿದ ಮಾರನೇ ಬೆಳಿಗ್ಗೆಯೇ, ಚಾರ್ಜ್‌ಶೀಟ್ ಬೀಳುವ ಮೊದಲು, ಬೇಲ್ ಅರ್ಜಿ ಕೋರ್ಟಿನಲ್ಲಿ ಇರಬೇಕು. ಅರ್ಜಿ ಮೊದಲು ಬಿದ್ದಿದ್ದರೆ ಆಮೇಲೆ ಬಂದ ಚಾರ್ಜ್‌ಶೀಟ್ ಆ ಹಕ್ಕನ್ನು ಕಿತ್ತುಕೊಳ್ಳಲಾರದು. 2020ರ ಎಂ. ರವೀಂದ್ರನ್ ತೀರ್ಪು ಎನ್‌ಡಿಪಿಎಸ್ ಕೇಸಿನಲ್ಲೇ ಇದನ್ನು ಹೇಳಿದೆ. ಕೇಳದೆ ಸುಮ್ಮನಿದ್ದು ಚಾರ್ಜ್‌ಶೀಟ್ ಬಂದುಬಿಟ್ಟರೆ ಆ ಹಕ್ಕು ಹೋಯಿತು.

ತಂದೆಯವರ ವಿಷಯ. ಖಾತೆ ಅವರ ಹೆಸರಿನಲ್ಲಿ ಇರುವುದರಿಂದ 25ನೇ ಸೆಕ್ಷನ್‌ನ "ಮಾಲೀಕ" ಅನ್ನುವ ಮಾತು ಅವರನ್ನೂ ಮುಟ್ಟುತ್ತದೆ. ಹಾಗಾಗಿ ಹಗುರವಾಗಿ ತೆಗೆದುಕೊಳ್ಳಬೇಡಿ. ಫೋನ್ ಕರೆಗೆ ಹೋಗಬೇಕಿಲ್ಲ, ಲಿಖಿತ ನೋಟಿಸ್ ಕೊಡಿ ಅಂತ ಮರ್ಯಾದೆಯಿಂದ ಹೇಳಿ. ಅವರನ್ನು ಸಾಕ್ಷಿಯಾಗಿ ಕರೆಯುತ್ತಿದ್ದರೆ, 60 ದಾಟಿದವರನ್ನು ಅವರು ವಾಸವಿರುವ ಜಾಗದಲ್ಲೇ ವಿಚಾರಿಸಬೇಕು ಅಂತ ಬಿಎನ್‌ಎಸ್‌ಎಸ್ 179ನೇ ಸೆಕ್ಷನ್ ಹೇಳುತ್ತದೆ. ವಿಚಾರಣೆ ದಿನ ವಕೀಲರು ಮನೆಗೆ ಬಂದು ಕೂರಲಿ. ಬಂಧನದ ಸುಳಿವಿದ್ದರೆ ನಿರೀಕ್ಷಣಾ ಜಾಮೀನಿನ ಅರ್ಜಿ ತಯಾರಿರಲಿ.

ಶೆಡ್ಡಿಗೆ ಪೊಲೀಸರು ಹಾಕಿದ ಮೊಹರನ್ನು ಮುಟ್ಟಬೇಡಿ. ಒಳಗೆ ನಿಮ್ಮದೇ ಮೋಟಾರು, ತೂಕದ ಯಂತ್ರ ಇದ್ದರೂ ಕೋರ್ಟಿನ ಮೂಲಕವೇ ಕೇಳಿ. ಕೇಸು ಮುಗಿಯುವವರೆಗೆ ಆ ಜಾಗವನ್ನು ಮಾರುವ, ದಾನಪತ್ರ ಮಾಡುವ ಯೋಚನೆಯನ್ನೂ ಬಿಡಿ. ಆಸ್ತಿ ಕೈ ಬದಲಾದರೆ ಅದನ್ನೇ ನಿಮ್ಮ ವಿರುದ್ಧ ತೋರಿಸುತ್ತಾರೆ. ಅದಲ್ಲದೆ ಅಕ್ರಮ ಸಂಪಾದನೆಯ ಆಸ್ತಿ ಮುಟ್ಟುಗೋಲು ಹಾಕಲು ಕಾಯ್ದೆಯ 5ಎ ಅಧ್ಯಾಯದಲ್ಲಿ ಬೇರೆಯೇ ವ್ಯವಸ್ಥೆ ಇದೆ. ಅಂಥ ನೋಟಿಸ್ ಬಂದರೆ ಉತ್ತರ ಕೊಡಲು, ಶೆಡ್ ಕಟ್ಟಿಸಿದ ದುಡ್ಡು ಎಲ್ಲಿಂದ ಬಂತು ಅನ್ನುವುದಕ್ಕೆ ಬ್ಯಾಂಕ್ ಸಾಲದ ಕಾಗದ, ಕ್ರಯಪತ್ರ, ತೆರಿಗೆ ರಸೀದಿಗಳನ್ನು ಒಂದು ಫೈಲಿನಲ್ಲಿ ಹಾಕಿ ಈಗಲೇ ವಕೀಲರ ಕೈಗೆ ಕೊಡಿ.